ಹಂಡೆಯ ಹುಣಿಸೆಹಣ್ಣು

ಮನುಷ್ಯನ ವೈರಾಗ್ಯವನ್ನು ಪರೀಕ್ಷಿಸಬೇಕೆನ್ನುವವರು ಅವನನ್ನು ಶ್ಮಶಾನದವರೆಗೆ ಕರೆದೊಯ್ಯಬೇಕಾದುದಿಲ್ಲ. ತಲೆಗೆ ಹರಳೆಣ್ಣೆ ತಟ್ಟಿಕೊಂಡು ಬಚ್ಚಲಿಗೆ ನಡೆದವನಿಗೆ ಗೀಸರು ಕೆಟ್ಟಿದೆಯೆಂಬ ವಾರ್ತೆಯನ್ನು ಮುಟ್ಟಿಸಿದರೆ ಸಾಕು. ದೀಪಾವಳಿಗೆ ಹದಿನೈದು ದಿನಗಳಿರುವಾಗ, ಬೆಂಗಳೂರಿನ ನನ್ನ ಮನೆಯಲ್ಲಿ, ಈ ಪರೀಕ್ಷೆ ನನಗೆ ಒದಗಿತು. ಕೆಂಪು ದೀಪವೇನೋ ಯಥಾಪ್ರಕಾರ ಬೆಳಗುತ್ತಿದ್ದಿತು. ನಲ್ಲಿಯಲ್ಲಿ ಬರುತ್ತಿದ್ದುದು ಮಾತ್ರ ತಣ್ಣೀರು.

ದುರಸ್ತಿಯ ಕಂಪನಿಗೆ ದೂರವಾಣಿ ಮಾಡಿದೆನು. ಕನ್ನಡಕ್ಕೆ ಎರಡನ್ನು ಒತ್ತಬೇಕೆಂದು ಅಪ್ಪಣೆಯಾಯಿತು; ಒತ್ತಿದರೆ ಹಿಂದಿಯಲ್ಲಿ ಕುಶಲಪ್ರಶ್ನೆ. ಕಡೆಗೆ, ಜಾತಕದ ಸಂಖ್ಯೆಗಳಿಗಿಂತ ಉದ್ದವಾದ ಒಂದು ದೂರಿನ ಸಂಖ್ಯೆ ಪ್ರಾಪ್ತವಾಯಿತು. ಮೊದಲು ಬಂದವನು ತಿರುಪುಮೊಳೆಯನ್ನೂ ಸಡಿಲಿಸದೆ, ಥರ್ಮೋಸ್ಟಾಟು ಹೋಗಿದೆಯೆಂದು ತೀರ್ಪಿತ್ತು ಭೇಟಿಯ ಶುಲ್ಕವನ್ನು ಪಡೆದನು. ನಾಲ್ಕು ದಿನಗಳ ತರುವಾಯ ಬಂದ ಎರಡನೆಯವನು ತಂದಿದ್ದುದು ಬೇರೊಂದು ಮಾದರಿಯ ಥರ್ಮೋಸ್ಟಾಟು. ಮೂರನೆಯ ಸಲ, ನಾನು ಬಾಗಿಲನ್ನು ತೆರೆದಿಟ್ಟು ಹೊಸ್ತಿಲ ಬಳಿಯೇ ಕುರ್ಚಿ ಹಾಕಿಕೊಂಡು ಕಾದಿದ್ದ ದಿನವೇ, ‘ಮನೆಗೆ ಬೀಗ ಹಾಕಿದ್ದುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಸಂದೇಶ ಬಂದಿತು.

ಕಾಯುವವನಿಗೆ ಓದಿಗಿಂತ ಬೇರೆ ಗತಿಯುಂಟೆ? ಶತ್ರುವಿನ ಕುಲಗೋತ್ರಗಳನ್ನಾದರೂ ತಿಳಿಯೋಣವೆಂದು ಹೊರಟರೆ, 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತನು ಅನಿಲದ ಉರಿಯಿಂದ ನೀರು ಕಾಯಿಸುವ ಯಂತ್ರವೊಂದನ್ನು ರಚಿಸಿ, ಅದಕ್ಕೆ ಗೀಸರೆಂದು ನಾಮಕರಣ ಮಾಡಿದನೆಂದು ತಿಳಿಯಿತು. ಹೊಗೆಗೆ ಹೊರದಾರಿಯಿಲ್ಲದ ಆ ಯಂತ್ರದ ಬಳಿ ಮೀಯುವುದೇ ಒಂದು ಸಾಹಸವಾಗಿದ್ದಿತು. ಹೆಸರು ಬಂದುದು ಐಸ್‌ಲ್ಯಾಂಡಿನ ಗೇಸಿರ್ ಎಂಬ ಬಿಸಿನೀರಿನ ಬುಗ್ಗೆಯಿಂದ. ಚೋದ್ಯವೆಂದರೆ, ಆ ಕುಲಪುರುಷನೂ ಕೆಟ್ಟು ಕುಳಿತವನೇ! ನೀರಿನೊಡನೆ ಮೇಲೆ ಬಂದ ಸಿಲಿಕಾ ಹೆಪ್ಪುಗಟ್ಟಿ ಬಾಯಿಯ ಸುತ್ತಲೂ ಕಟ್ಟೆಯಾಗಿ ಬೆಳೆದು, ಬುಗ್ಗೆಯು ಚಿಮ್ಮುವುದನ್ನು ನಿಲ್ಲಿಸಿರಲು, 1935ರಲ್ಲಿ ಆ ಕಟ್ಟೆಯನ್ನು ಕಡಿದು ಕಾಲುವೆ ತೋಡಿ ಅದನ್ನು ಎಬ್ಬಿಸಿದರು. ಕಾಲುವೆ ಮತ್ತೆ ಮುಚ್ಚಿಕೊಂಡ ಮೇಲೆ, ವಿಶೇಷ ದಿನಗಳಲ್ಲಿ ಅದರ ಬಾಯಿಗೆ ಸಾಬೂನು ಸುರಿದು ಚಿಮ್ಮಿಸುತ್ತಿದ್ದರು.

ನಾಲ್ಕನೆಯ ಸಲ ಬಂದವನು ಹಾಸನದ ಕಡೆಯ ಹುಡುಗ. ಮಾತಿಲ್ಲದೆ ಗೀಸರನ್ನು ಕೆಳಗಿಳಿಸಿ, ತಳವನ್ನು ಬಿಚ್ಚಿ, ಬಕೀಟಿನ ಮೇಲೆ ಬಗ್ಗಿಸಿದನು. ಸುಣ್ಣದ ಚಕ್ಕೆಗಳು ಗಲಗಲನೆ ಉದುರಿದವು. ಕಾಯಿಸುವ ಸುರುಳಿಯಂತೂ ಹವಳದ ಕೊಂಬೆಯಂತೆ ಬಿಳಿಯ ಹುರುಪೆಗಟ್ಟಿ, ಬೆರಳಿನ ಗಾತ್ರದ್ದು ಮುಂಗೈಯಷ್ಟಾಗಿದ್ದಿತು. “ಥರ್ಮೋಸ್ಟಾಟ್ ಚೆನ್ನಾಗೇ ಇದೆ ಸಾರ್. ಬೋರ್ ನೀರು, ಕಾದಷ್ಟೂ ಕಲ್ಲು ಕಟ್ಟುತ್ತೆ” ಎಂದನು.

ಈ ಹುರುಪೆಯನ್ನು ನಾನು ಬಲ್ಲೆ. ತುಮಕೂರು ಸೀಮೆಯ ನಮ್ಮೂರ ಬಾವಿಯ ನೀರೂ ಗಡಸೇ. ತೆಂಗಿನ ಮಟ್ಟೆಯ ಉರಿಯಲ್ಲಿ ವರ್ಷವೆಲ್ಲ ಕುದಿದ ತಾಮ್ರದ ಹಂಡೆಯ ಒಳಮೈಗೆ ಇದೇ ಬಿಳುಪು ಹತ್ತುತ್ತಿದ್ದಿತು. ನೀರು ತುಂಬುವ ಹಬ್ಬದ ಮಧ್ಯಾಹ್ನ ನನ್ನ ಅಜ್ಜಿ ಹಂಡೆಯನ್ನು ಹಿತ್ತಿಲಿಗೆ ಉರುಳಿಸಿ, ನೆನೆಸಿದ ಹುಣಿಸೆಹಣ್ಣನ್ನು ಒಳಗೆಲ್ಲ ಬಳಿದು, ಆ ಹುಳಿಗೆ ಸುಣ್ಣವು ಬುರುಬುರು ನೊರೆಯೆದ್ದು ಕರಗುವವರೆಗೆ ಬಿಟ್ಟು, ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಆಮೇಲೆ ಹೊರಮೈಗೆ ಕೆಮ್ಮಣ್ಣು ಸುಣ್ಣಗಳ ಪಟ್ಟೆ, ಕೊರಳಿಗೆ ಹಾಗಲಬಳ್ಳಿ. ನಾವು ಮಕ್ಕಳು ಕಂಡುದು ಬಳ್ಳಿಯನ್ನು ಮಾತ್ರ. ಶೃಂಗಾರದ ನೆಪದಲ್ಲಿ ಪಂಚಾಂಗವೇ ಹಂಡೆಯ ದುರಸ್ತಿಗೆ ದಿನವನ್ನು ಗೊತ್ತುಮಾಡಿದ್ದಿತೆಂಬುದು ನನಗೆ ಹೊಳೆದುದು, ಅರವತ್ತು ದಾಟಿದ ಮೇಲೆ, ಆ ಬಕೀಟಿನ ಮುಂದೆ.

ಹುಡುಗನು ಹೊಸ ಸುರುಳಿಯನ್ನು ಕೂಡಿಸಿ, ಕೈ ತೊಳೆದುಕೊಂಡು ಹೊರಡುತ್ತ, “ವರ್ಷಕ್ಕೊಂದು ದಿನ ತೊಳೆಸಿಬಿಡಿ ಸಾರ್” ಎಂದನು. ಯಾವ ದಿನವೆಂದು ನಾನು ಕೇಳಲಿಲ್ಲ.