ಹಸು ಏಳಲಿಲ್ಲ

ಭಾನುವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಿಷನ್ ಪೀಕ್ ಹತ್ತಿದೆ. 767 ಮೀಟರ್. ನಂದಿಬೆಟ್ಟದ ಅರ್ಧ ಅಷ್ಟೇ ತಾನೆ ಅಂದುಕೊಂಡಿದ್ದೆ. ನಂದಿಯ ಬುಡವೇ 900 ಮೀಟರ್ ಮೇಲಿದೆ, ಇಲ್ಲಿಯದು ಸಮುದ್ರಮಟ್ಟಕ್ಕೆ ಹತ್ತಿರ ಅನ್ನೋದು ಮೊದಲ ತಿರುವಿನಲ್ಲೇ ಮೊಣಕಾಲಿಗೆ ಗೊತ್ತಾಯ್ತು.

ನೆರಳಿಗೆ ಮರಗಳೇ ಅಪರೂಪ. ದಾರಿಗಡ್ಡ ಒಂದು ಹಸು ಮಲಗಿತ್ತು. ಒಣಹುಲ್ಲಿಗೆ ಬೆಂಕಿ ಬೀಳದಿರಲಿ ಅಂತ ಪಾರ್ಕಿನವರೇ ಮೇಯಲು ಬಿಡೋದು. ಸೈಕಲ್‌ನವನೊಬ್ಬ ಬೆಲ್ ಹೊಡೆದ. ಅದು ಮೆಲುಕು ಹಾಕುತ್ತಾ ಕಿವಿ ಅಲ್ಲಾಡಿಸಿತು, ಅಷ್ಟೇ. ಪಾಪ, ಅವನೇ ಇಳಿದು, ಸೈಕಲ್ ತಳ್ಳಿಕೊಂಡು ಸುತ್ತಿ ಹೋದ.

ತುದಿಯ ಕಂಬದ ಹತ್ತಿರ ಫೋಟೋಗೆ ಸಾಲು. ಹಿಂದಿನಿಂದ ಕನ್ನಡದಲ್ಲೊಂದು ದನಿ, "ಬೇಗ ತೆಗೀರೀ, ಗಾಳಿಗೆ ಹಾರಿಹೋಗ್ತೀನಿ!" ತಿರುಗಿ ನೋಡಿ ನಕ್ಕೆ. ಅವರ ಡಬ್ಬಿಯಲ್ಲಿ ಪುಳಿಯೋಗರೆ ಇತ್ತು.