ಹಲ್ಲು ಕೀಳಿಸುವ ಮುನ್ನ

ನಿವೃತ್ತರು ನಾಲ್ವರು ಸೇರಿದಲ್ಲಿ ಮಾತು ಮಂಡಿನೋವಿನಿಂದ ಆರಂಭವಾಗಿ, ಸಕ್ಕರೆ ಕಾಯಿಲೆಯನ್ನು ಹಾದು, ಹೃದಯದ ಬಳಿ ಬಂದು ನಿಲ್ಲುತ್ತದೆ. ಹಲ್ಲಿನ ಪ್ರಸ್ತಾಪ ಬರುವುದು ಅಪರೂಪ. ಬಂದರೂ ‘ಇದ್ದದ್ದು ಇರಲಿ, ಹೋದದ್ದು ಹೋಗಲಿ’ ಎಂಬಲ್ಲಿಗೆ ಮುಗಿಯುತ್ತದೆ. ಹೃದಯದ ಲಯ ತಪ್ಪಿದವರ ಮಟ್ಟಿಗೆ ಇವೆರಡೂ ಎಷ್ಟು ಹತ್ತಿರದ ನೆಂಟರೆಂಬುದು ಕಳೆದ ಚಳಿಗಾಲದಲ್ಲಿ ನನಗೆ ಮನದಟ್ಟಾಯಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಐವತ್ತು ದಾಟಿದ್ದೀರಿ. ನಿಮ್ಮ ಮನೆಗಳಲ್ಲಿ ನನ್ನ ವಯಸ್ಸಿನ ಹಿರಿಯರೂ ಇದ್ದಾರೆ. ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ನನಗಿರುವ ತೊಂದರೆಯ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ೨೦೧೧ರಲ್ಲಿ ಪತ್ತೆಯಾಯಿತು. ಹೃದಯಕ್ಕೆ ನಾಲ್ಕು ಕೋಣೆಗಳೆಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದು ನಿಮಗೆ ನೆನಪಿರಬಹುದು. ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ಕ್ರಮವಾಗಿ ಸಂಕುಚಿಸುವುದನ್ನು ಬಿಟ್ಟು ಸುಮ್ಮನೆ ಕಂಪಿಸತೊಡಗುತ್ತವೆ. ನಾಡಿ ಹಿಡಿದು ಎಣಿಸಿದರೆ ಎರಡು ಬಡಿತ ಬೇಗ ಬೇಗ, ಒಂದು ತಡವಾಗಿ, ಮತ್ತೊಂದು ಇದ್ದೂ ಇಲ್ಲದಂತೆ. ಕಚೇರಿಯಲ್ಲಿ ಮೃದಂಗದವರು ಹೀಗೆ ನುಡಿಸಿದರೆ ಗಾಯಕರು ಎದ್ದುಹೋದಾರು! ಆದರೆ ನಿಜವಾದ ಅಪಾಯ ಈ ತಾಳಗೇಡಿತನದಲ್ಲಿಲ್ಲ. ಕಂಪಿಸುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತ ನೀರಿನಂತೆ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪಿನ ತುಣುಕು ಮೆದುಳಿಗೆ ಹರಿದರೆ ಪಾರ್ಶ್ವವಾಯು. ಇತರರಿಗಿಂತ ಇಂಥವರಿಗೆ ಪಾರ್ಶ್ವವಾಯುವಿನ ಸಂಭವ ಸುಮಾರು ಐದು ಪಟ್ಟು ಹೆಚ್ಚೆಂದು ವೈದ್ಯಗ್ರಂಥಗಳು ಹೇಳುತ್ತವೆ. ಅದನ್ನು ತಡೆಯಲೆಂದೇ ನಾನು ಪ್ರತಿ ಸಂಜೆ ವಾರ್ಫರಿನ್ ಎಂಬ ಮಾತ್ರೆಯನ್ನು ಸೇವಿಸುತ್ತೇನೆ.

ಈ ಮಾತ್ರೆಯ ಪೂರ್ವಕಥೆ ತರಗತಿಯಲ್ಲಿ ಹೇಳಲು ಯೋಗ್ಯವಾದದ್ದು. ೧೯೨೦ರ ದಶಕದಲ್ಲಿ ಉತ್ತರ ಅಮೆರಿಕದ ದನಕರುಗಳು ಕೊಂಬು ಕತ್ತರಿಸಿದಂತಹ ಸಣ್ಣ ಗಾಯಗಳಿಂದಲೂ ರಕ್ತ ನಿಲ್ಲದೆ ಸಾಯತೊಡಗಿದವು. ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಇದಕ್ಕೆ ಕಾರಣವೆಂದು ತಿಳಿಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರ ಬಂಧುವಾದ ವಾರ್ಫರಿನ್ ೧೯೪೮ರಲ್ಲಿ ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ೧೯೫೪ರಲ್ಲಿ ಮನುಷ್ಯರ ಔಷಧಿಯಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು. ಇಲಿ ಪಾಷಾಣ ನುಂಗುವವರೆಂದು ಮೊಮ್ಮಕ್ಕಳು ನನ್ನನ್ನು ಗೇಲಿ ಮಾಡುವುದುಂಟು.

ಕಳೆದ ಪುಷ್ಯಮಾಸದ ಚಳಿಯಲ್ಲಿ ಬಲಗಡೆಯ ಕೆಳದವಡೆಯ ಹಲ್ಲೊಂದು ಬುಡದಿಂದ ಕೆಟ್ಟು ನೋಯತೊಡಗಿತು. ಲವಂಗದೆಣ್ಣೆ, ಉಪ್ಪುನೀರು ಎಲ್ಲವೂ ಆಯಿತು. ಕೀಳಿಸಲೇಬೇಕೆಂದಾದಾಗ ಬಂಧುಗಳೆಲ್ಲರ ಸಲಹೆ ಒಂದೇ: ‘ರಕ್ತ ತೆಳುವಾಗುವ ಮಾತ್ರೆಯನ್ನು ಐದು ದಿನ ನಿಲ್ಲಿಸಿಬಿಡಿ.’ ಬಹುಕಾಲ ವೈದ್ಯರಲ್ಲಿಯೂ ಇದೇ ರೂಢಿಯಿತ್ತಾದ್ದರಿಂದ ಹೇಳಿದವರನ್ನು ದೂರುವಂತಿಲ್ಲ.

ಆದರೆ ನಮ್ಮ ಮನೆತನದಲ್ಲಿ ಆ ಐದು ದಿನಗಳಿಗೆ ಬೇರೆಯೇ ಒಂದು ಅರ್ಥವಿದೆ. ನನ್ನ ಹಿರಿಯಕ್ಕನ ಯಜಮಾನರಿಗೂ ಇದೇ ಲಯದೋಷವಿತ್ತು, ಇದೇ ಮಾತ್ರೆಯಿತ್ತು. ೨೦೧೪ರಲ್ಲಿ ಹಲ್ಲು ಕೀಳಿಸಲು ಹೋದಾಗ ಮಾತ್ರೆ ನಿಲ್ಲಿಸಿ ಬನ್ನಿ ಎಂದರು; ನಿಲ್ಲಿಸಿದರು. ಮತ್ತೆ ಯಾವಾಗ ಆರಂಭಿಸಬೇಕೆಂದು ಹೇಳಿದವರಿಲ್ಲ. ಗಾಯ ಮಾಗಲಿ ಎಂದು ಭಾವನವರೂ ಕಾದರು. ಹನ್ನೆರಡನೆಯ ದಿನ ಬೆಳಿಗ್ಗೆ ಕೈಯಿಂದ ಕಾಫಿಯ ಲೋಟ ಜಾರಿತು. ಊರಿನ ತಾಳಮದ್ದಲೆಗಳಲ್ಲಿ ಕೃಷ್ಣನ ಅರ್ಥ ಹೇಳಿ ರಾತ್ರಿಯಿಡೀ ಜನರನ್ನು ಕೂರಿಸುತ್ತಿದ್ದವರು ಅವರು. ಆಮೇಲಿನ ಆರು ವರ್ಷ ‘ನೀರು’ ಎನ್ನಲು ಹೋಗಿ ‘ಬಾಗಿಲು’ ಎನ್ನುತ್ತಿದ್ದರು. ತಪ್ಪಾಯಿತೆಂದು ತಿಳಿದು ಕಣ್ಣು ತುಂಬಿಕೊಳ್ಳುತ್ತಿದ್ದರು. ಅಕ್ಕ ಅವರ ಎದುರು ಎಂದೂ ಅಳಲಿಲ್ಲ.

ವಾರ್ಫರಿನ್ ನಿಲ್ಲಿಸಿದರೆ ಅದರ ಪ್ರಭಾವ ಇಳಿಯಲು ನಾಲ್ಕೈದು ದಿನ ಬೇಕು. ಮತ್ತೆ ಆರಂಭಿಸಿದರೆ ಪೂರ್ಣ ಪ್ರಭಾವಕ್ಕೆ ಬರಲು ಅಷ್ಟೇ ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ಐದು ದಿನವೆಂದು ಹೇಳಿದ್ದು ವಾಸ್ತವದಲ್ಲಿ ಇನ್ನೂ ಹಲವು ದಿನಗಳ ಮಟ್ಟಿಗೆ ಬಾಗಿಲು ತೆರೆದಿಟ್ಟಂತೆ. ಒಸಡಿನ ರಕ್ತವಾದರೋ ಕಣ್ಣಿಗೆ ಕಾಣುತ್ತದೆ, ಒತ್ತಿ ಹಿಡಿಯಬಹುದು, ಹೊಲಿಗೆ ಹಾಕಬಹುದು. ಮೆದುಳಿಗೆ ಹೋದ ಹೆಪ್ಪನ್ನು ಯಾರು ಒತ್ತಿ ಹಿಡಿದಾರು?

ನನ್ನ ಹಲ್ಲನ್ನು ನೋಡಿದವಳು ನನ್ನದೇ ಹಳೆಯ ವಿದ್ಯಾರ್ಥಿನಿ, ಶಿವಮೊಗ್ಗದಲ್ಲಿ ದಂತವೈದ್ಯೆ. ಎಂಟನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಪ್ರಶ್ನೆ ಕೇಳಲು ನಾಚುತ್ತಿದ್ದ ಹುಡುಗಿ ಅಂದು ನನಗೆ ಮುಕ್ಕಾಲು ಗಂಟೆ ಪ್ರಶ್ನೆ ಹಾಕಿದಳು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಪೇಸ್‌ಮೇಕರ್ ಇದೆಯೇ, ಕವಾಟ ಬದಲಿಸಿದ್ದಾರೆಯೇ, ನಾಟಿ ಔಷಧಿ ಏನಾದರೂ ಉಂಟೇ? ನನ್ನ ಮಗಳು ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟಿದ್ದರಿಂದ ನಾನು ಪಾಸಾದೆ. ಕೃತಕ ಕವಾಟ ಹಾಕಿಸಿಕೊಂಡವರಿಗೆ ಹಲ್ಲು ಕೀಳುವ ಮುನ್ನ ಸೋಂಕು ತಡೆಯಲು ಆಂಟಿಬಯಾಟಿಕ್ ಕೊಡಬೇಕಾಗುತ್ತದೆ. ಲಯದೋಷವೊಂದೇ ಇದ್ದರೆ ಅದರ ಅಗತ್ಯವಿಲ್ಲವೆಂದಳು.

‘ಮಾತ್ರೆ ನಿಲ್ಲಿಸಬೇಡಿ ಸಾರ್, ಐಎನ್‌ಆರ್ ಮಾಡಿಸಿಕೊಂಡು ಬನ್ನಿ’ ಎಂದಳು. ರಕ್ತ ಹೆಪ್ಪುಗಟ್ಟಲು ಎಷ್ಟು ಕಾಲ ಹಿಡಿಯುತ್ತದೆಂಬುದರ ಅಳತೆ ಅದು. ಆರೋಗ್ಯವಂತರಿಗೆ ಸುಮಾರು ೧; ನನ್ನಂಥವರಿಗೆ ೨ರಿಂದ ೩ರ ನಡುವೆ ಇರಬೇಕು. ೪ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ನಿಲ್ಲಿಸದೆಯೇ ಕೀಳಬಹುದೆಂದು ಬ್ರಿಟನ್ನಿನ ದಂತವೈದ್ಯರ ಮಾರ್ಗಸೂಚಿಯಿದೆ. ಹಿಂದಿನ ತಿಂಗಳು ೨.೪ ಇದ್ದದ್ದು ಅಂದು ೩.೮ ಬಂತು! ಮಾತ್ರೆಯಲ್ಲಿ ವ್ಯತ್ಯಾಸವಿರಲಿಲ್ಲ. ಕಾರಣ ಹುಡುಕಿದವಳು ನನ್ನ ಹೆಂಡತಿ: ಹಲ್ಲುನೋವೆಂದು ಹತ್ತು ದಿನ ಬರೀ ಗಂಜಿ. ಹರಿವೆ ಸೊಪ್ಪಿನ ಹುಳಿಯಿಲ್ಲ, ನುಗ್ಗೆಸೊಪ್ಪಿನ ಪಲ್ಯವಿಲ್ಲ. ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವ ಈ ಮಾತ್ರೆಗೆ ಎದುರಾಗಿ ತೂಗುವ ಬಟ್ಟು. ಅದು ಕಡಿಮೆಯಾದರೆ ತಕ್ಕಡಿ ವಾಲುತ್ತದೆ. ಸೊಪ್ಪು ಬಿಡಬೇಕೆಂದಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಔಷಧಿ ಅಂಗಡಿಗಳಲ್ಲಿ ಹಲ್ಲಿನ ಬಾವಿಗೆಂದು ಸಲೀಸಾಗಿ ಸಿಗುವ ಮೆಟ್ರೊನಿಡಜೋಲ್ ಅಂತೂ ಐಎನ್‌ಆರ್ ಅನ್ನು ಇನ್ನಷ್ಟು ಏರಿಸುತ್ತದೆ. ಹೃದಯದ ವೈದ್ಯರೊಡನೆ ಆಕೆ ಫೋನಿನಲ್ಲಿ ಮಾತನಾಡಿದಳು; ಅವರು ಪ್ರಮಾಣ ಸ್ವಲ್ಪ ಸರಿಪಡಿಸಿದರು; ಸೊಪ್ಪನ್ನು ನುಣ್ಣಗೆ ಅರೆದು ತಿಂದೆ. ವಾರದ ಬಳಿಕ ೨.೭.

ಅಪಿಕ್ಸಬಾನ್, ರಿವರೊಕ್ಸಬಾನ್, ಡಬಿಗಾಟ್ರಾನ್ ಮುಂತಾದ ಹೊಸ ಮಾತ್ರೆಗಳವರಿಗೆ ಈ ಲೆಕ್ಕ ಅನ್ವಯಿಸದು. ಅವುಗಳ ಪ್ರಭಾವ ಗಂಟೆಗಳಲ್ಲಿ ಇಳಿಯುವುದರಿಂದ, ಕೆಲವೊಮ್ಮೆ ಆ ದಿನ ಬೆಳಗಿನದೊಂದನ್ನು ಮುಂದೂಡಲು ಅಥವಾ ಬಿಡಲು ಹೇಳುತ್ತಾರೆ. ಅದನ್ನು ವೈದ್ಯರೇ ನಿರ್ಧರಿಸಬೇಕು.

ದಿನ ಗೊತ್ತುಮಾಡಿದ್ದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಮಂಗಳವಾರ ಬೇಡವೆಂದು ಅಕ್ಕ ಗೊಣಗಿದಳು. ವಾರದ ಆರಂಭದ ಬೆಳಗಾದರೆ, ರಕ್ತ ಒಸರಿದರೂ ಅಂದೇ, ಮರುದಿನವೇ ನೋಡಬಹುದು. ಶನಿವಾರ ಸಂಜೆಯಾದರೆ ಬಾಗಿಲು ಬಡಿಯುವುದೆಲ್ಲಿ? ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್. ಆದ್ದರಿಂದ ಅಂದಿನ ರಾತ್ರಿ ಅಲ್ಲಿಯೇ ಮಗಳ ಮನೆಯಲ್ಲಿ ಉಳಿದೆ.

ತಿಂಡಿ ತಿಂದು, ಬಡಿತ ನಿಧಾನಿಸುವ ಬೆಳಗಿನ ಮಾತ್ರೆಯನ್ನೂ ನುಂಗಿಯೇ ಹೋದೆ. ಅರಿವಳಿಕೆಯ ಮದ್ದಿನೊಡನೆ ಅಡ್ರಿನಲಿನ್ ಬೆರೆತಿರುತ್ತದೆ. ಅದು ಹೃದಯವನ್ನು ಓಡಿಸೀತೆಂಬ ಅಳುಕು ನನಗಿತ್ತು. ಆಕೆ ಪ್ರಮಾಣವನ್ನು ಮಿತಿಯಲ್ಲಿಟ್ಟು, ಸೂಜಿ ರಕ್ತನಾಳದಲ್ಲಿಲ್ಲವೆಂದು ನೋಡಿಕೊಂಡು, ಬಹಳ ನಿಧಾನವಾಗಿ ಕೊಟ್ಟಳು. ಸರಿಯಾಗಿ ಮರಗಟ್ಟದೆ ನೋವಾದರೆ ದೇಹವೇ ಅದಕ್ಕಿಂತ ಹೆಚ್ಚು ಅಡ್ರಿನಲಿನ್ ಸುರಿಸುತ್ತದೆಯಂತೆ. ಹಲ್ಲು ಹೊರಬರಲು ಹತ್ತು ನಿಮಿಷ. ರಕ್ತ ನಿಲ್ಲಿಸುವ ಕೆಲಸಕ್ಕೆ ಅರ್ಧ ಗಂಟೆ. ಗುಳಿಗೆ ಕರಗುವ ಸ್ಪಂಜು, ಮೇಲೆ ಎರಡು ಹೊಲಿಗೆ, ಅದರ ಮೇಲೆ ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ. ಕಚ್ಚಿ ಕುಳಿತೆ. ಉಗುಳಬಾರದು, ಮುಕ್ಕಳಿಸಬಾರದು, ಬಿಸಿ ಕಾಫಿ ಕುಡಿಯಬಾರದು. ಕೊನೆಯದೇ ಕಠಿಣವಾಗಿತ್ತು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಹೇಳಿದಷ್ಟೇ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ರಕ್ತಸ್ರಾವ ಹೆಚ್ಚಿಸುತ್ತವೆ.

ಅಂದು ಸಂಜೆ ಏಳಕ್ಕೆ ಎಂದಿನಂತೆ ವಾರ್ಫರಿನ್ ನುಂಗಿದೆ. ರಾತ್ರಿ ದಿಂಬಿನ ಮೇಲೆ ಎರಡು ಹನಿ ಕೆಂಪು ಕಂಡಿತು, ಅಷ್ಟೇ. ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿದೆ. ‘ಮಾತ್ರೆ ತಗೊಂಡ್ಯಾ?’ ಎಂದಳು. ತೆಗೆದುಕೊಂಡೆ ಎಂದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಊಟಕ್ಕೆ ಏನು ಮಾಡಿದ್ದಾರೆಂದು ಕೇಳಿದಳು.