ಕಾಲುವಿ ಬಿಟ್ಟು ಮಡ್ಡಿ ಹತ್ತು

ಘಟಪ್ರಭೆಯ ಎಡದಂಡೆ ಕಾಲುವೆಯ ಪಕ್ಕದ ದಾರಿ ಸೈಕಲ್ ತುಳಿಯುವವರಿಗೆ ಬಲು ಪ್ರೀತಿಯದು. ಏರಿಲ್ಲ, ಇಳಿಜಾರಿಲ್ಲ. ಒಂದು ಬದಿಗೆ ತುಂಬಿ ಹರಿಯುವ ನೀರು, ಇನ್ನೊಂದು ಬದಿಗೆ ಆಳೆತ್ತರ ಕಬ್ಬು. ದೀಪಾವಳಿ ಮುಗಿದು ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದ ಕಾಲದಲ್ಲಿ, ಸಂಜೆ ಐದೂವರೆಯ ಬಿಸಿಲಿನಲ್ಲಿ ಅಲ್ಲಿ ಹಾದುಹೋಗುವ ಯಾರಿಗಾದರೂ ಇಲ್ಲೇ ಗುಡಾರ ಹಾಕಿಬಿಡೋಣ ಅನ್ನಿಸುತ್ತದೆ. ಏಳು ಗಂಟೆಗೆ ಹಾಗೆ ಅನ್ನಿಸುವುದಿಲ್ಲ. ಆ ಹೊತ್ತಿಗೆ ಕಬ್ಬಿನ ಒಳಗಿನಿಂದ, ಜೊಂಡಿನ ಬುಡದಿಂದ ಸೊಳ್ಳೆಗಳು ಎದ್ದು ಬಂದಿರುತ್ತವೆ.

ಧೂಪದಾಳದಲ್ಲಿ ಹೊಳೆಗೆ ಅಡ್ಡಗೋಡೆ ಕಟ್ಟಿ ಕಾಲುವೆಗೆ ನೀರು ತಿರುಗಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟೆ ಬಂತು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಬ್ಬು, ಅರಿಸಿನ, ಗೋವಿನಜೋಳ ಬೆಳೆಯುತ್ತಿರುವುದು ಆ ನೀರಿನಿಂದ. ನೀರು ಬಂದ ಕಡೆಗೆ ಸೊಳ್ಳೆಯೂ ಬಂತು. ನಮ್ಮ ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆಗಳಲ್ಲಿ ಮುಖ್ಯವಾದದ್ದು ಇಂಥ ಕಾಲುವೆಗಳ ಅಂಚಿನ, ಹೊಲಗಾಲುವೆಗಳ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಅಲ್ಲಿಂದ ರೆಕ್ಕೆ ಬರಲು ವಾರ ಹತ್ತು ದಿನ ಸಾಕು.

ಸೈಕಲ್ ಓಡುತ್ತಿರುವಾಗ ಇವು ಯಾವುವೂ ಕಚ್ಚುವುದಿಲ್ಲ. ನಿಂತಾಗಲೇ ಕಚ್ಚುವುದು. ದಿನವಿಡೀ ತುಳಿದ ಮೈ ಬಿಸಿಯಾಗಿರುತ್ತದೆ, ಬೆವರಿರುತ್ತದೆ, ಉಸಿರು ಜೋರಾಗಿರುತ್ತದೆ. ಹೆಣ್ಣು ಸೊಳ್ಳೆ ಹುಡುಕುವುದು ಈ ಮೂರನ್ನೇ. ಉಸಿರಿನ ಇಂಗಾಲದ ಡೈಆಕ್ಸೈಡ್ ಅದಕ್ಕೆ ಹತ್ತಾರು ಮೀಟರ್ ದೂರದಿಂದ ಗೊತ್ತಾಗುತ್ತದೆ. ಗುಡಾರದ ಗೂಟ ಹೊಡೆಯುವ ಆ ಹತ್ತು ನಿಮಿಷ ಇಡೀ ರಾತ್ರಿಗಿಂತ ಕಠಿಣ. ಆದ್ದರಿಂದ ನಾನು ಮೊದಲು ಉದ್ದ ತೋಳಿನ ಅಂಗಿ, ಪೈಜಾಮ, ಕಾಲುಚೀಲ ಹಾಕಿಕೊಳ್ಳುತ್ತೇನೆ. ನೀರು ಕುಡಿಯುವುದು, ಫೋನ್ ಮಾಡುವುದು ಎಲ್ಲ ಅದರ ನಂತರ.

ಬಯಲಿನಲ್ಲಿ ಮಲಗುವ ವಿದ್ಯೆಯನ್ನು ನನಗೆ ಕಲಿಸಿದವರು ಕುರುಬರು. ಹುಕ್ಕೇರಿ, ಗೋಕಾಕ ಕಡೆಯ ಕುರಿಗಾರರು ವರ್ಷದ ಬಹುಭಾಗ ಹೊಲದಿಂದ ಹೊಲಕ್ಕೆ ನಡೆಯುತ್ತಲೇ ಇರುತ್ತಾರೆ. ಪೈರು ಕೊಯ್ದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಗೊಬ್ಬರಕ್ಕೆ ಪ್ರತಿಯಾಗಿ ಹೊಲದವರು ಕಾಳು ಕೊಡುತ್ತಾರೆ, ಇಲ್ಲವೇ ರೊಕ್ಕ. ಕಲ್ಲೊಳ್ಳಿಯಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ ಹಾಗೊಂದು ಹಟ್ಟಿಯ ಹಿರಿಯರು ಸಿಕ್ಕರು. ಕಾಲುವೆಯ ಕಡೆ ಸೈಕಲ್ ತಿರುಗಿಸುತ್ತಿದ್ದ ನನ್ನನ್ನು ಕೂಗಿ ನಿಲ್ಲಿಸಿದರು.

"ಎಲ್ಲಿಗಿ ಹೊಂಟಿ ತಮ್ಮಾ, ಹೊತ್ತ ಮುಳಗೇತಿ?"

"ಇಲ್ಲೇ ಕಾಲುವಿ ಮ್ಯಾಲ ಮಲಗ್ತೀನಿ ಕಾಕಾ."

"ಬ್ಯಾಡ. ಗುಂಗಾಡ ನಿನ್ನ ಹೊತಗೊಂಡ ಹೋಗ್ತಾವ. ಮಡ್ಡಿ ಹತ್ತು. ಗಾಳಿ ಎಲ್ಲಿ ಐತಿ, ಅಲ್ಲಿ ಮಲಗು."

ಗುಂಗಾಡೆಂದರೆ ಸೊಳ್ಳೆ, ಮಡ್ಡಿಯೆಂದರೆ ಕಲ್ಲುಗೊರಚಲಿನ ಎತ್ತರದ ನೆಲ. ಮುಳ್ಳುಕಂಟಿ, ಒಣಹುಲ್ಲು ಬಿಟ್ಟರೆ ಏನೂ ಇಲ್ಲ. ಗೂಟ ಇಳಿಯುವುದಿಲ್ಲ, ಹಗ್ಗಕ್ಕೆ ಕಲ್ಲು ಹೇರಬೇಕು. ಬೆನ್ನಿಗೆ ಹರಳು ಒತ್ತುತ್ತವೆ. ಆದರೂ ಅಲ್ಲಿ ಮೂಡಗಾಳಿ ಬೀಸುತ್ತಿತ್ತು, ಸೊಳ್ಳೆ ಇರಲಿಲ್ಲ. ತಂಪಾದ ಗಾಳಿ ರಾತ್ರಿ ತಗ್ಗಿಗೆ ಇಳಿದು ಅಲ್ಲೇ ಮಡುಗಟ್ಟುತ್ತದೆ. ತೇವ, ಇಬ್ಬನಿ, ಕೀಟ ಎಲ್ಲವೂ ಆ ತಗ್ಗಿನಲ್ಲಿ ಉಳಿಯುತ್ತವೆ. ನಾನು ಮುಲಾಮು, ಬತ್ತಿ, ಬಿಸಿ ಮಾಡುವ ಎಣ್ಣೆ ಎಂದೆಲ್ಲ ಹುಡುಕಿದ್ದೇನೆ. ಜಾಗ ಸರಿಯಿಲ್ಲದಿದ್ದರೆ ಅವೆಲ್ಲ ಅರ್ಧ ಕೆಲಸ ಮಾತ್ರ ಮಾಡುತ್ತವೆ.

ಹಟ್ಟಿಯಲ್ಲಿ ಇನ್ನೊಂದು ಪಾಠವಿತ್ತು. ಸೊಳ್ಳೆಗಿಂತ ಬಹಳ ಸಣ್ಣ, ಒಂದೆರಡು ಮಿಲಿಮೀಟರ್ ಉದ್ದದ ಕಚ್ಚುನುಸಿಯೊಂದಿದೆ. ವಿಜ್ಞಾನಿಗಳು ಕ್ಯೂಲಿಕಾಯ್ಡಿಸ್ ಎನ್ನುತ್ತಾರೆ. ಸದ್ದಿಲ್ಲ, ಸಾಮಾನ್ಯ ಮಚ್ಛರದಾನಿಯ ಕಣ್ಣಿನಲ್ಲಿ ನುಸುಳಿಬಿಡುತ್ತದೆ, ಕಚ್ಚಿದ ಜಾಗದ ತುರಿಕೆ ಮಾತ್ರ ದಿನಗಟ್ಟಲೆ. ಸಗಣಿ ಹಿಕ್ಕೆ ಬೆರೆತ ಕೆಸರಿನಲ್ಲಿ ಇದರ ಮರಿಹುಳು ಬೆಳೆಯುತ್ತವೆ. ಮನುಷ್ಯರಿಗೆ ಇದು ಬರೀ ತುರಿಕೆ. ಕುರಿಗೆ ಜೀವದ ಪ್ರಶ್ನೆ. ನೀಲಿನಾಲಿಗೆ ರೋಗ ಹರಡುವುದು ಈ ನುಸಿಯಿಂದಲೇ. ಮಳೆಗಾಲದ ಕೊನೆಗೆ ಅದು ಬಂದರೆ ಕುರಿಯ ಬಾಯಿ ಹುಣ್ಣಾಗಿ, ತುಟಿ ಬಾತು, ಮೇವು ಬಿಟ್ಟು, ಕಾಲು ಕುಂಟಿ ಹಿಂಡಿನ ಎಷ್ಟೋ ಕುರಿ ಸಾಯುತ್ತವೆ. ಲಸಿಕೆ ಇದೆ; ಆದರೆ ಊರೂರು ತಿರುಗುವ ಹಿಂಡಿಗೆ ಅದು ಸರಿಯಾದ ತಿಂಗಳಲ್ಲಿ ಸಿಗಬೇಕು. ಈ ನುಸಿಗೆ ರೆಕ್ಕೆಯ ಬಲ ಕಡಿಮೆ. ಗಂಟೆಗೆ 10 ಕಿಲೋಮೀಟರಿಗಿಂತ ಜೋರು ಗಾಳಿ ಇದ್ದರೆ ಹಾರಲಾರದು. ನಿಧಾನವಾಗಿ ಸೈಕಲ್ ತುಳಿದಾಗ ಮುಖಕ್ಕೆ ಬಡಿಯುವಷ್ಟೇ ಗಾಳಿ ಅದು. ಕುರುಬರು ಮಡ್ಡಿ ಹತ್ತುವುದಕ್ಕೂ, ಎರಡು ಮೂರು ರಾತ್ರಿಗೊಮ್ಮೆ ಹಟ್ಟಿ ಬದಲಿಸುವುದಕ್ಕೂ ಗೊಬ್ಬರದ ಲೆಕ್ಕವೊಂದೇ ಕಾರಣವಲ್ಲ ಎಂದು ಅಂದು ತಿಳಿಯಿತು. ಇವರು ಬಿಟ್ಟುಬಂದ ಹಿಕ್ಕೆಯಲ್ಲಿ ನುಸಿ ಬಲಿತು ಹಾರುವ ಹೊತ್ತಿಗೆ ಹಿಂಡು ಎಷ್ಟೋ ಊರು ದಾಟಿರುತ್ತದೆ.

ಕುರಿ ಮಲಗಿದ ಜಾಗದಿಂದ ಗಾಳಿ ಬರುವ ದಿಕ್ಕಿಗೆ ಗುಡಾರ ಹಾಕು, ಗಾಳಿ ಹೋಗುವ ದಿಕ್ಕಿಗೆ ಬೇಡ ಎಂದೂ ಕಾಕಾ ಹೇಳಿದರು. ಕುಳ್ಳಿನ ಕೆಂಡದ ಮೇಲೆ ಹಸಿ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿದರು. ಹೊಗೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ ನಿಜ, ಕಣ್ಣು ಮತ್ತು ಎದೆಗೆ ಅದು ಒಳ್ಳೆಯದಲ್ಲ. ಅವರ ನಿಜವಾದ ಕವಚ ಕಂಬಳಿ. ದಖ್ಖನಿ ಕುರಿಯ ಒರಟು ಉಣ್ಣೆ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಗಟ್ಟಿ ಮಾಡಿದ ಕಂಬಳಿಯನ್ನು ಯಾವ ಸೊಳ್ಳೆಯ ಸೊಂಡಿಲೂ ಚುಚ್ಚಲಾರದು. ತಲೆಯಿಂದ ಪಾದದವರೆಗೆ ಹೊದ್ದು ಮೂಗಷ್ಟೇ ಹೊರಗಿಟ್ಟು ಅವರು ಮಲಗಿದರು.

ಸೊಳ್ಳೆಯ ವಿಚಾರದಲ್ಲಿ ಕರ್ನಾಟಕಕ್ಕೆ ಒಂದು ಹಳೆಯ ನಂಟಿದೆ. 1883ರಲ್ಲಿ ಬೆಂಗಳೂರಿನಲ್ಲಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಮರಿಯಾಗುತ್ತಿರುವುದನ್ನು ಕಂಡು ಅದನ್ನು ಬೋರಲು ಹಾಕಿದ. ಸೊಳ್ಳೆ ಕಡಿಮೆಯಾದವು. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಗುರುತಿಸಿದ. 1902ರಲ್ಲಿ ನೊಬೆಲ್ ಬಂತು. ಪೀಪಾಯಿಯನ್ನು ಬೋರಲು ಹಾಕಬಹುದು. ಕಾಲುವೆಯನ್ನು ಹಾಗೆ ಮಾಡಲಾಗದು, ಮಾಡಬಾರದು ಕೂಡ. ಅದರಿಂದ ದೂರ ಮಲಗುವುದೇ ದಾರಿ.

ದೂರ ಎಂದರೆ ಎಲ್ಲಿ? ಧೂಪದಾಳದ ಹಿನ್ನೀರು ಪಕ್ಷಿಧಾಮ. ಚಳಿಗಾಲದಲ್ಲಿ ವಲಸೆಯ ಕೊಕ್ಕರೆಗಳು ಬಂದಿಳಿಯುವ ಜಾಗ. ಅಲ್ಲಿ ನಮ್ಮ ಗುಡಾರಕ್ಕೆ ಸ್ಥಳವಿಲ್ಲ, ಇರಲೂ ಬಾರದು. ಗೊಡಚಿನಮಲ್ಕಿಯ ಕಣಿವೆ ಸುಂದರ, ಆದರೆ ನೆರಳು ಮತ್ತು ತೇವ. ನುಸಿಗೆ ಅದೇ ಬೇಕು. ಗೋಕಾಕ ಫಾಲ್ಸಿನ ಮೇಲಿನ ಮರಳುಗಲ್ಲಿನ ಗುಡ್ಡಸಾಲು ನನಗೆ ಹೆಚ್ಚು ಹಿಡಿಸಿದ್ದು. 52 ಮೀಟರ್ ಕೆಳಗೆ ಬೀಳುವ ನೀರು ಚಳಿಗಾಲಕ್ಕೆ ಸಣ್ಣದಾಗಿರುತ್ತದೆ, ಗಾಳಿ ಮಾತ್ರ ಹಾಗೆಯೇ ಇರುತ್ತದೆ. ಅಲ್ಲಿನ ಕಾಟ ಇರುವೆಯದು. ಚೀಲದಲ್ಲಿ ಗೋಕಾಕದ ಕರದಂಟು ಇದ್ದರೆ ಬೆಲ್ಲದ ವಾಸನೆಗೆ ಸಾಲುಗಟ್ಟಿ ಬರುತ್ತವೆ, ಗುಡಾರದ ಬಟ್ಟೆಯನ್ನೇ ಕಡಿದು ಒಳಗೆ ನುಗ್ಗುತ್ತವೆ. ತಿಂಡಿಯ ಡಬ್ಬಿಯನ್ನು ಗುಡಾರದಿಂದ ದೂರ, ಮರದ ಕೊಂಬೆಗೆ ತೂಗುಹಾಕುವುದು ಒಳ್ಳೆಯದು.

ಇನ್ನೊಂದು ಮಾತು. ಈ ಸೀಮೆಯಲ್ಲಿ ಯಾರದೂ ಅಲ್ಲದ ನೆಲವಿಲ್ಲ. ಮಡ್ಡಿಗೂ ಒಡೆಯರಿದ್ದಾರೆ, ಗಾಯರಾಣಕ್ಕೂ ಊರಿದೆ. ಕೇಳಿ ಮಲಗಬೇಕು. ಕೇಳಿದರೆ ಬೇಡವೆಂದವರನ್ನು ನಾನು ಕಂಡಿಲ್ಲ. ಬದಲಿಗೆ ರೊಟ್ಟಿ, ಶೇಂಗಾ ಹಿಂಡಿ ಬಂದಿವೆ, ಹಾವು ಓಡಾಡುವ ಬದು ಯಾವುದು ಎಂಬ ಎಚ್ಚರಿಕೆಯೂ ಬಂದಿದೆ. ಮಲೆನಾಡಿಗೆ ಸೈಕಲ್ ಒಯ್ಯುವವರು ಇನ್ನೂ ಹೆಚ್ಚು ಕೇಳಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣಿಯಿಂದ ಬರುತ್ತದೆ. ಆರೋಗ್ಯ ಇಲಾಖೆ ಅಲ್ಲಿ ಹಂಚುವ ಡೇಪಾ ಎಣ್ಣೆ ಹಚ್ಚದೆ ಕಾಡಂಚಿನ ತರಗೆಲೆಯ ಮೇಲೆ ಕೂರಲೂಬಾರದು.

ಮತ್ತೆ ಕಾಲುವೆಯ ದಾರಿಗೆ ಬಂದರೆ, ಕಬ್ಬಿನ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ದಾರಿ ಬಿಡುತ್ತ ಸೈಕಲ್ಲಿನಿಂದ ಇಳಿದಾಗಲೆಲ್ಲ ಕಬ್ಬು ಕಡಿಯುವವರ ಗುಡಿಸಲು ಕಣ್ಣಿಗೆ ಬೀಳುತ್ತವೆ. ವಿಜಯಪುರದ ಕಡೆಯಿಂದ, ಮಹಾರಾಷ್ಟ್ರದ ಬೀಡ್‌ನಿಂದ ಬಂದ ಗ್ಯಾಂಗುಗಳು. ಕಬ್ಬಿನ ರವದಿ, ಪ್ಲಾಸ್ಟಿಕ್ ಹಾಳೆಯ ಗುಡಿಸಲು, ಬಹಳ ಕಡೆ ಕಾಲುವೆಗೆ ತಾಗಿಯೇ. ನನ್ನ ಗುಡಾರಕ್ಕೆ ಸಣ್ಣಕಣ್ಣಿನ ಜಾಳಿಗೆ ಇದೆ, ಮನೆಗೆ ಮರಳುವ ದಿನ ಗೊತ್ತಿದೆ. ಇವರ ಮಕ್ಕಳು ಇಡೀ ಹಂಗಾಮು ಅಲ್ಲೇ ಮಲಗುತ್ತವೆ. ಕೈಕಾಲೆಲ್ಲ ಕೆರೆದು ಹುಣ್ಣಾದ ಮಗುವನ್ನು ಎತ್ತಿಕೊಂಡಿದ್ದ ತಾಯಿಯೊಬ್ಬಳಿಗೆ, ಮಡ್ಡಿಯ ಮೇಲೆ ಯಾಕೆ ಹಾಕಿಕೊಳ್ಳಲಿಲ್ಲ ಎಂದು ಕೇಳಿದೆ.

"ಮ್ಯಾಲ ನೀರ ಯಾರ ತಂದ ಕೊಡ್ತಾರಿ ಅಣ್ಣಾ?" ಅಂದಳು.

ಮದುವೆಗೆ ನೀರು ತರುವ ಟ್ಯಾಂಕರ್ ಈ ಊರುಗಳಲ್ಲಿ ಇಲ್ಲದ ವಸ್ತುವಲ್ಲ. ಹಂಗಾಮಿನ ತಿಂಗಳುಗಳಲ್ಲಿ ಒಂದನ್ನು ಮಡ್ಡಿಯ ಮೇಲೆ ನಿಲ್ಲಿಸಿ ದಿನವೂ ತುಂಬಿಸುವ ಖರ್ಚು ಕಬ್ಬಿನ ಲೆಕ್ಕದಲ್ಲಿ ಕಾಣುವಷ್ಟೂ ದೊಡ್ಡದಲ್ಲ. ಕಾರ್ಖಾನೆಯವರೋ, ಗ್ಯಾಂಗ್ ಕರೆಸಿದ ಹೊಲದವರೋ ಅದನ್ನು ಕೊಡಬೇಕು, ಜೊತೆಗೆ ಗುಡಿಸಲಿಗೊಂದು ಔಷಧಿ ಹಚ್ಚಿದ ಮಚ್ಛರದಾನಿ. ನೀರು ಮೇಲೆ ಬಂದರೆ ಗುಡಿಸಲೂ ಮೇಲೆ ಬರುತ್ತವೆ.